ಬೆರಕೆ ಅಕ್ಕಿಯ ಗಂಜಿ

ಅಡಿಗೆಮನೆಯಲ್ಲಿ ಮಿಕ್ಸರಿನ ಹಿಂದೆ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿದೆಯಲ್ಲ, ಅದರ ಬಗ್ಗೆ ನೀವಿಬ್ಬರೂ ಎಷ್ಟೋ ಸಲ ಕೇಳಿದ್ದೀರಿ. ಅಕ್ಕಿ ತೊಳೆಯುವ ಮೊದಲು ಅಜ್ಜಿ ಒಂದು ಹಿಡಿ ತೆಗೆದು ಅದಕ್ಕೆ ಯಾಕೆ ಹಾಕುತ್ತಾಳೆ ಎಂದು. ಒಮ್ಮೆ ಚಿಕ್ಕವನು, "ಅಜ್ಜಿ, ಯೇ ಜಿಎಸ್‌ಟಿ ಹೈ ಕ್ಯಾ?" ಎಂದು ಕೇಳಿ ಅಕ್ಕನನ್ನು ನಗಿಸಿದ್ದ. ಎದುರು ಕುಳಿತು ಉದ್ದಕ್ಕೆ ಮಾತಾಡಲು ನನಗೆ ಬರುವುದಿಲ್ಲ. ಬರೆಯುವುದಾದರೆ ನಿಧಾನವಾಗಿ ಬರೆಯಬಲ್ಲೆ. ದೊಡ್ಡವಳಿಗೆ ಈಗ ಕನ್ನಡ ಅಕ್ಷರ ಕೂಡಿಸಿ ಓದಲು ಬರುತ್ತದೆ. ಅವಳು ತಮ್ಮನಿಗೆ ಓದಿ ಹೇಳಲಿ. ಅವಳಿಗೆ ಅಕ್ಷರ ಬಂದ ಕತೆಯೂ ಈ ಡಬ್ಬಿಯ ಕತೆಯೂ ಒಂದೇ.

ನಾನು ಹುಟ್ಟಿದ್ದು ಉಡುಪಿ ಕಡೆಯ ಒಂದು ಹಳ್ಳಿಯಲ್ಲಿ. ಓದಿದ್ದು ನಾವು ದೇವಾಲಯ ಎನ್ನುವ ಚರ್ಚಿನ ಪಕ್ಕದ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ನನ್ನ ಅಮ್ಮ ಪ್ರತಿಸಲ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಇಡುತ್ತಿದ್ದಳು. ತಿಂಗಳ ಕೊನೆಯ ಆದಿತ್ಯವಾರ ಊರಿನ ಕ್ರೈಸ್ತ ಹೆಂಗಸರೆಲ್ಲ ಆ ಅಕ್ಕಿಯನ್ನು ತಂದು ದೇವಾಲಯದ ದೊಡ್ಡ ಪಾತ್ರೆಗೆ ಸುರಿಯುತ್ತಿದ್ದರು. ಒಲೆ ಉರಿಯದ ಮನೆಗಳಿಗೆ ಅದು ಹೋಗುತ್ತಿತ್ತು. ಇದಕ್ಕೆ ಹಿಡಿ ಅಕ್ಕಿ ಎಂದು ಹೆಸರು. ಗಂಡಸರ ಕಿಸೆಯಿಂದ ಕೇಳದೆ ಹೆಂಗಸು ತಾನಾಗಿ ಕೊಡಬಹುದಾದ ಕಾಣಿಕೆ ಅದೊಂದೇ ಆಗಿತ್ತು. ಎಷ್ಟು ಬಡತನವಿದ್ದರೂ ಅಮ್ಮ ಅದನ್ನು ತಪ್ಪಿಸಲಿಲ್ಲ. ಹಿಡಿ ಸ್ವಲ್ಪ ಸಡಿಲವಾಗುತ್ತಿತ್ತು, ಅಷ್ಟೆ.

ಮದುವೆಯಾಗಿ ಡೊಂಬಿವಲಿಗೆ ಬಂದಾಗ ನಿಮ್ಮ ಅಜ್ಜ ಥಾಣೆಯ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದರು. ಚಾಳಿನ ಒಂದು ಕೋಣೆ. ನಾನು ಮೊದಲು ಕೊಂಡದ್ದು ಒಂದು ಸ್ಟವ್, ಒಂದು ಪಾತ್ರೆ, ಮತ್ತೆ ಬಿಸ್ಕತ್ತು ತಿಂದು ಮುಗಿಸಿದ ಮೇಲೆ ಉಳಿದ ಈ ಡಬ್ಬಿ.

ಕಲ್ಯಾಣದ ನಮ್ಮ ಕನ್ನಡ ಸಭೆಗೆ ಸ್ವಂತ ಕಟ್ಟಡ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಒಂದು ಹಳೆಯ ದೇವಾಲಯದಲ್ಲಿ ಬೆಳಿಗ್ಗೆ ಮರಾಠಿಯವರು, ಆಮೇಲೆ ಇಂಗ್ಲಿಷಿನವರು, ಅವರು ಎದ್ದ ಮೇಲೆ ನಾವು. ನಮ್ಮವರು ಹೆಚ್ಚಾಗಿ ಕರಾವಳಿಯವರು. ಆಫೀಸು, ರೈಲ್ವೆ, ಬ್ಯಾಂಕಿನ ನೌಕರಿಯವರು. ಒಂದು ಕಾಲದಲ್ಲಿ ಬೆಂಚು ಸಾಲದೆ ಹುಡುಗರು ಬಾಗಿಲಲ್ಲಿ ನಿಲ್ಲುತ್ತಿದ್ದರು. ಆಮೇಲೆ ಮಕ್ಕಳು ದೊಡ್ಡವರಾಗಿ ಘೋಡಬಂದರ್ ರಸ್ತೆಗೆ, ಖಾರ್ಘರಿಗೆ, ಪನ್ವೇಲಿಗೆ ಮನೆ ಮಾಡಿದರು. ಆದಿತ್ಯವಾರ ಹನ್ನೊಂದು ಗಂಟೆಗೆ ಸರಿಯಾಗಿ, ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಮೆಗಾ ಬ್ಲಾಕ್. ಯಾರು ಬರುತ್ತಾರೆ? ಬಂದ ಕೆಲವರೂ ಮೊಮ್ಮಕ್ಕಳನ್ನು ಕರೆತರುವುದನ್ನು ಬಿಟ್ಟರು, ಅವರಿಗೆ ಕನ್ನಡದಲ್ಲಿ ಹೇಳುವ ಪ್ರಸಂಗ ತಿಳಿಯುವುದಿಲ್ಲವೆಂದು. ನೀವೂ ನಿಮ್ಮ ಅಪ್ಪ ಅಮ್ಮನ ಜೊತೆ ಇಂಗ್ಲಿಷ್ ಆರಾಧನೆಗೆ ಹೋಗುತ್ತಿದ್ದಿರಿ. ನಿಮ್ಮ ಅಮ್ಮ ಮರಾಠಿಯವಳು. ಅವಳನ್ನು ನಾನು ಒಂದು ದಿನವೂ ದೂರಲಿಲ್ಲ, ಈಗಲೂ ದೂರುವುದಿಲ್ಲ.

ಒಂದು ಸಲ ನಿಮ್ಮ ಜೊತೆ ನಾನೂ ಬಂದು ಕುಳಿತಿದ್ದೆ, ನೆನಪಿರಬಹುದು. ಎಲ್ಲರೂ ಎದ್ದಾಗ ಎದ್ದೆ, ಕುಳಿತಾಗ ಕುಳಿತೆ, ಹಾಡುವಾಗ ಬಾಯಿ ಆಡಿಸಿದೆ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಒಳಗೆ ಏನೂ ಬರಲಿಲ್ಲ. ನಿಮ್ಮ ಅಜ್ಜ ತೀರಿದ ಮೇಲೆ ನನ್ನ ವಾರವೆಲ್ಲ ಹಿಂದಿ ಮರಾಠಿಯ ನಡುವೆ ಕಳೆಯುತ್ತಿತ್ತು. ತರಕಾರಿಯವನ ಹತ್ತಿರ, ಲಿಫ್ಟಿನಲ್ಲಿ, ಮನೆಯಲ್ಲಿ ಕೂಡ. ಕಲ್ಯಾಣದ ಆ ಒಂದು ಗಂಟೆ ಮಾತ್ರ ನನ್ನ ಭಾಷೆ ನನ್ನ ಬಾಯಲ್ಲಿರುತ್ತಿತ್ತು. ಹಾಗಿರುವಾಗ ಒಂದು ಆದಿತ್ಯವಾರ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಎದ್ದು ನಿಂತು ಹೇಳಿದರು:

"ಇಂಗ್ಲಿಷಿನವರಿಗೆ ಅವರ ಮಕ್ಕಳ ಸಂಡೇ ಸ್ಕೂಲಿಗೆ ನಮ್ಮ ಗಂಟೆ ಬೇಕಂತೆ. ಕೇಳುದರಲ್ಲಿ ತಪ್ಪಿಲ್ಲ. ಇಲ್ಲಿ ನಾವು ಬೆಂಚಿಗೊಬ್ಬರು ಕೂತಿದ್ದೇವೆ. ನಮ್ಮ ಮಕ್ಕಳೇ ಬರುವುದಿಲ್ಲ ಅಂದ ಮೇಲೆ ಯಾರಿಗಾಗಿ ಇಟ್ಟುಕೊಳ್ಳುದು? ಕ್ರಿಸ್ಮಸ್ ಆದ ಮೇಲೆ ಅವರ ಜೊತೆ ಸೇರುವ. ಕನ್ನಡದ್ದು ಬೇಕಾದರೆ ತಿಂಗಳಿಗೊಮ್ಮೆ ಯಾರದ್ದಾದರೂ ಮನೆಯಲ್ಲಿ ಪ್ರಾರ್ಥನೆ ಮಾಡುವ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಇಷ್ಟು ದಿನ ಮನುಷ್ಯರ ಮುಂದೆ ಮೂಕಿಯಾಗಿದ್ದೆ, ಇನ್ನು ದೇವರ ಮುಂದೆಯೂ ಆಗುತ್ತೇನೆ ಎಂದುಕೊಂಡೆ.

ಅದೇ ತಿಂಗಳು ಸ್ತ್ರೀಯರ ಸಂಘದಲ್ಲಿ ಇನ್ನೊಂದು ಸುದ್ದಿ. ನಮ್ಮ ಹಿಡಿ ಅಕ್ಕಿ ವರ್ಷಗಳಿಂದ ಒಂದು ಅನಾಥಾಲಯಕ್ಕೆ ಹೋಗುತ್ತಿತ್ತು. ಅವರು ಅದನ್ನು ಗಿರಣಿಗೆ ಹಾಕಿಸಿ ಹಿಟ್ಟು ಮಾಡಿಕೊಳ್ಳುತ್ತಿದ್ದರು.

"ಇನ್ನು ಬಿಡಿ ಅಕ್ಕಿ ತಗೊಳ್ಳುದಿಲ್ಲವಂತೆ," ಎಂದಳು ಸಂಘದ ಕಾರ್ಯದರ್ಶಿ. "ಪ್ಯಾಕೆಟ್ ಬೇಕಂತೆ. ಮೇಲೆ ತಾರೀಕು ಇರಬೇಕಂತೆ."

"ಅಕ್ಕಿಗೆ ಎಂತ ತಾರೀಕು? ಅದೇನು ಇಂಜೆಕ್ಷನ್ನಾ?" ಎಂದು ಕೇಳಿದವರು ಮಾಜಿವಾಡಾದ ದೊಡ್ಡಮ್ಮ. ನಮ್ಮಲ್ಲೆಲ್ಲ ಹಿರಿಯರು. ನಾವೆಲ್ಲ ಅವರನ್ನು ದೊಡ್ಡಮ್ಮ ಎಂದೇ ಕರೆಯುವುದು.

"ಕಾಲ ಹಾಗೆ ಬಂದಿದೆ ದೊಡ್ಡಮ್ಮ. ಇನ್ನು ಫೋನಿನಲ್ಲೇ ಕಾಣಿಕೆ ಹಾಕುವ. ಸ್ಕ್ಯಾನ್ ಮಾಡಿದರೆ ಆಯ್ತು."

"ನನ್ನ ಫೋನಿನಲ್ಲಿರುದು ಮಗನ ಹಣ ಮಾರಾಯ್ತಿ. ಸ್ಕ್ಯಾನ್ ಮಾಡಿದರೆ ಕಾಣಿಕೆ ಅವನದ್ದಾಗ್ತದೆ. ನನ್ನದು ಎಲ್ಲಿಂದ ಬಂತು?"

ದೇವಾಲಯದ ಹಿಂದಿನ ಕೋಣೆಯಲ್ಲಿ ಅಲ್ಯೂಮಿನಿಯಂ ಡ್ರಮ್ಮಿನ ತುಂಬ ಅಕ್ಕಿ ಕುಳಿತಿತ್ತು. ಕುಚ್ಚಲಕ್ಕಿ, ಕೋಲಂ, ಬಾಸುಮತಿಯ ನುಚ್ಚು, ಇಡ್ಲಿ ಅಕ್ಕಿ, ಎಲ್ಲ ಒಂದರೊಳಗೊಂದು. ಬಿಟ್ಟರೆ ಹುಳ ಹಿಡಿಯುತ್ತದೆ. ಕೊನೆಗೆ ಆ ಹಿರಿಯರೇ, ನವೆಂಬರಿನ ಕೊನೆಯ ಆದಿತ್ಯವಾರ ಅದನ್ನೇ ಬೇಯಿಸಿ ಎಲ್ಲರೂ ಕೂಡಿ ಊಟ ಮಾಡುವ ಎಂದರು. ಬೀಳ್ಕೊಡುಗೆ ಊಟ ಎಂದು ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರಿಗೂ ತಿಳಿಯಿತು.

ಆ ದಿನ ಮನೆಗೆ ಬರುವಾಗಲೂ ಮೆಗಾ ಬ್ಲಾಕ್. ಕಲ್ಯಾಣ ಸ್ಟೇಷನ್ನಿನ ಬೆಂಚಿನ ಮೇಲೆ ಸತ್ಯವೇದವನ್ನು, ನನ್ನ ಕನ್ನಡ ಬೈಬಲನ್ನು, ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಪಕ್ಕದಲ್ಲಿ ಮಗುವನ್ನು ಮಲಗಿಸಿಕೊಂಡಿದ್ದ ಹೆಂಗಸೊಬ್ಬಳು ಅದರ ಮೇಲಿನ ಅಕ್ಷರಗಳನ್ನೇ ನೋಡುತ್ತಿದ್ದಳು.

"ಕನ್ನಡದವರೇನ್ರಿ ಯಕ್ಕಾ?"

ಹೌದೆಂದೆ. ಅವಳ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವಳು ಬೀದರ್ ಕಡೆಯವಳು. ಇರುವುದು ತುರ್ಭೆಯಲ್ಲಿ. ಗಂಡ ಗೋದಾಮಿನಲ್ಲಿ ಮೂಟೆ ಹೊರುವವನು. ಕಲ್ಯಾಣದಲ್ಲಿದ್ದ ತಂಗಿಯನ್ನು ನೋಡಿ ಹೊರಟಿದ್ದಳು. ಅವರೂ ಕ್ರೈಸ್ತರು, ಅಜ್ಜ ಮುತ್ತಜ್ಜನ ಕಾಲದಿಂದ.

"ಹದಿನೈದಿಪ್ಪತ್ತು ಮನಿ ಅದೀವ್ರಿ ನಾವು. ಒಂದು ಖೋಲ್ಯಾಗ ಕೂಡ್ತೀವಿ. ಹಿಂದಿ ಪಾಸ್ಟರ್ ಒಬ್ರು ಬರ್ತಾರ, ಭಾಳ ಛಲೋ ಮನುಷ್ಯಾ. ಆದ್ರ ಅವರು ಅಂದದ್ದು ತಲಿಗೆ ತಿಳೀತದ, ಎದಿಗೆ ಹತ್ತಂಗಿಲ್ಲ."

"ಕಲ್ಯಾಣದಲ್ಲಿ ನಮ್ಮದು ಕನ್ನಡ ಆರಾಧನೆ ಉಂಟಲ್ಲ," ಎಂದೆ.

"ಗೊತ್ತದರೀ. ಒಮ್ಮೆ ಬಂದಿದ್ವಿ. ರವಿವಾರ ಮಧ್ಯಾಹ್ನದ ತನಕ ಗಾಡಿ ಖಾಲಿ ಮಾಡೂ ಕೆಲಸ ಇರ್ತದ. ಅದನ್ನ ಮುಗಿಸಿ ಜಳಕ ಮಾಡಿ ಬರೂದ್ರಾಗ ನಿಮ್ಮವರು ಬೀಗ ಹಾಕ್ಲಿಕ್ಕತ್ತಿದ್ರು. ಲೇಟ್ ಆಯ್ತಲ್ಲಮ್ಮಾ ಅಂದ್ರು, ನಕ್ಕೋತ ಹೋದ್ರು."

ಬೀಗ ಹಾಕಿದವರು ಯಾರೆಂದು ನಾನು ಕೇಳಲಿಲ್ಲ. ಯಾರಾದರೂ ನಮ್ಮವರೇ. ಅಷ್ಟರಲ್ಲಿ ಥಾಣೆಯ ಗಾಡಿ ಬರುವುದೆಂದು ಕೂಗಿದರು. ಅವಳು ಮಗುವನ್ನು ಎತ್ತಿಕೊಂಡಳು. ಆಗ ನನ್ನ ಬಾಯಿಂದ ಹೇಗೆ ಹೊರಟಿತೋ, "ತಿಂಗಳ ಕೊನೆಯ ಆದಿತ್ಯವಾರ ಅಲ್ಲಿ ಊಟ ಉಂಟು. ಅಕ್ಕಿ ತುಂಬ ಉಂಟು. ನೀವೆಲ್ಲ ಬನ್ನಿ. ಮಧ್ಯಾಹ್ನವೇ ಬನ್ನಿ," ಎಂದೆ.

"ಎಲ್ಲಾರೂ?" ಎಂದಳು.

"ಎಲ್ಲರೂ," ಎಂದೆ.

ಯಾರನ್ನೂ ಕೇಳದೆ ಕರೆದುಬಿಟ್ಟಿದ್ದೆ. ಎರಡು ಆದಿತ್ಯವಾರ ಹೇಳಬೇಕೆಂದು ಹೋಗಿ ಹೇಳದೆ ಬಂದೆ. ಕೊನೆಗೆ ದೊಡ್ಡಮ್ಮನ ಕಿವಿಯಲ್ಲಿ ಮಾತ್ರ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಾಯಿ ಇಲ್ಲದವಳು ಕರೆದದ್ದು ಒಂದು ಊರನ್ನೇ," ಎಂದರು. ಆಮೇಲೆ, "ಚಟ್ನಿಗೆ ತೆಂಗಿನಕಾಯಿ ಹೆಚ್ಚು ತರಲಿಕ್ಕೆ ಹೇಳ್ತೇನೆ," ಎಂದರು.

ಆ ದಿನ ನೀವೂ ಬಂದಿದ್ದಿರಿ, ಊಟವಿದೆ ಎಂಬ ಆಸೆಗೆ. ಪಾತ್ರೆ, ಸೌಟು, ಗ್ಯಾಸಿನ ಭಟ್ಟಿ ಎಲ್ಲ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಯಜಮಾನರು ಕೊಟ್ಟದ್ದು. "ದೇವರ ಕೆಲಸಕ್ಕೆ ಬಾಡಿಗೆ ಎಂತಕ್ಕೆ? ಮೀನು ಮಾಂಸ ಮಾತ್ರ ಹಾಕಬೇಡಿ, ನಾಳೆ ಅದರಲ್ಲೇ ಸಾಂಬಾರು ಮಾಡ್ಲಿಕ್ಕುಂಟು," ಎಂದಿದ್ದರಂತೆ. ಬೆಳಿಗ್ಗೆಯೇ ನಾವು ಹೆಂಗಸರು ಅಂಗಳದಲ್ಲಿ ಅಕ್ಕಿ ಆರಿಸಿ, ತೊಳೆದು, ದೊಡ್ಡ ಹಂಡೆಗೆ ಹಾಕಿ, ಭಟ್ಟಿಯನ್ನು ಸಣ್ಣಗೆ ಉರಿಯಲು ಬಿಟ್ಟು ಆರಾಧನೆಗೆ ಒಳಗೆ ಹೋದೆವು. ಅನ್ನ, ಸಾರು, ಪಲ್ಯ, ಚಟ್ನಿ ಎಂದು ನಮ್ಮ ಲೆಕ್ಕಾಚಾರ.

ಆರಾಧನೆ ಮುಗಿಸಿ ಬಂದು ಮುಚ್ಚಳ ತೆಗೆದರೆ ಬಾಸುಮತಿಯೂ ಕೋಲಮ್ಮೂ ಕರಗಿ ಅಂಟಾಗಿದ್ದವು. ಅದರ ನಡುವೆ ಕುಚ್ಚಲಕ್ಕಿ ಕಲ್ಲಿನ ಹಾಗೆ. ವರ್ಷವಿಡೀ ಒಂದೇ ಡ್ರಮ್ಮಿಗೆ ಸುರಿದ ನಮಗೆ, ಅಷ್ಟು ವರ್ಷ ಒಲೆಯ ಮುಂದೆ ನಿಂತ ಹೆಂಗಸರಿಗೆ, ಅದು ಒಟ್ಟಿಗೆ ಬೇಯುವುದಿಲ್ಲವೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಕಾಣಿಕೆಯ ಅಕ್ಕಿಯನ್ನು ನಾವು ಅಕ್ಕಿ ಎಂದು ನೋಡಿಯೇ ಇರಲಿಲ್ಲವೋ ಏನೋ.

ಕಾರ್ಯದರ್ಶಿ ಒಂದು ಅಗುಳು ಬಾಯಿಗೆ ಹಾಕಿ ಕಣ್ಣಲ್ಲಿ ನೀರು ತಂದುಕೊಂಡಳು. "ಇನ್ನೆಂತ ಮಾಡುದು? ಹೋಟೆಲಿನಿಂದ ಪುಲಾವ್ ತರಿಸುವುದಾ?"

"ನೀರು ಹೊಯ್ಯಿ," ಎಂದರು ದೊಡ್ಡಮ್ಮ. "ಗಂಜಿ ಆಗ್ಲಿ."

"ಊಟಕ್ಕೆ ಕರೆದು ಗಂಜಿಯಾ?"

"ಗಂಜಿ ಊಟ ಅಲ್ಲದೆ ಮತ್ತೆಂತ? ನೀನು ಬೆಳೆದದ್ದೇ ಗಂಜಿ ಕುಡಿದು."

ಸರಿ, ನೀರು ಹೊಯ್ದೆವು. ಕುಚ್ಚಲಕ್ಕಿ ಅರಳುವವರೆಗೆ ಕಾಯಬೇಕು. ಆಗಲೇ ಗೇಟಿನ ಹೊರಗೆ ಟೆಂಪೋ ನಿಂತ ಸದ್ದು. ಮೂಟೆ ಸಾಗಿಸುವ ಟೆಂಪೋ. ಅದರಿಂದ ಗಂಡಸರು, ಹೆಂಗಸರು, ಮಕ್ಕಳು, ತಲೆಗೆ ಬಿಳಿ ಪಟಕ ಸುತ್ತಿದ ಒಬ್ಬ ಮುದುಕ ಇಳಿದರು, ಜೊತೆಗೆ ಒಂದು ಢೋಲಕಿ. ಸ್ಟೇಷನ್ನಿನಲ್ಲಿ ಸಿಕ್ಕಿದವಳು ಮುಂದೆ ಬಂದು ಎಲ್ಲರ ನಡುವೆ, "ಈ ಯಕ್ಕನೇ ಕರದಾಕಿ," ಎಂದು ನನ್ನತ್ತ ಬೆರಳು ತೋರಿಸಿದಳು. ನಮ್ಮ ಸಭೆಯವರೆಲ್ಲ ನನ್ನ ಕಡೆ ತಿರುಗಿದರು. ನಾನು ಸೆರಗು ಎಳೆದುಕೊಂಡು ಹಂಡೆಯ ಹಿಂದೆ ಸರಿದೆ. ಅದು ನಿಮಗೆ ನೆನಪಿದೆಯೆಂದು ಗೊತ್ತು. ಚಿಕ್ಕವನು ಇವತ್ತಿಗೂ ಅದನ್ನು ಅಭಿನಯಿಸಿ ತೋರಿಸುತ್ತಾನೆ.

ಹಿರಿಯರಿಗೆ ಇಷ್ಟವಾಗಲಿಲ್ಲವೆಂದು ಮುಖದಲ್ಲೇ ಕಾಣುತ್ತಿತ್ತು. ಆದರೆ ಮನೆಗೆ ಬಂದವರನ್ನು ಹೊರಗೆ ನಿಲ್ಲಿಸುವ ಜನ ನಾವಲ್ಲ. "ಬನ್ನಿ, ಕೂತುಕೊಳ್ಳಿ," ಎಂದರು. "ಆರಾಧನೆ ಆಗಿ ಹೋಯ್ತು. ಊಟಕ್ಕೆ ಸ್ವಲ್ಪ ತಡ ಉಂಟು."

"ಎಷ್ಟು ತಡರೀ?" ಎಂದ ಮುದುಕ.

"ಅಕ್ಕಿ ಬೇಯುವವರೆಗೆ."

"ಹಂಗಾದ್ರ ಅಲ್ಲೀತನಕ ಒಂದೆರಡು ಹಾಡು ಹಾಡೂಣೇನ್ರಿ? ಸುಮ್ಮನ ಕುಂತ್ರ ಹಸಿವಿ ಜಾಸ್ತಿ ಆಗ್ತದ."

ನಮ್ಮ ಸಭಾಪಾಲಕರು, ಅಂದರೆ ಪಾಸ್ಟರ್, ಎಳೆಯ ವಯಸ್ಸಿನವರು. ಇಂಥ ಮೂರು ಸಭೆಗಳಿಗೆ ಅವರೊಬ್ಬರೇ. ಅವರು ಹಿರಿಯರ ಮುಖ ನೋಡಿದರು. ಹಿರಿಯರು ಮುಚ್ಚಿದ್ದ ಬಾಗಿಲನ್ನು ತಾವೇ ತೆಗೆದರು. ಮಧ್ಯಾಹ್ನದ ಆ ಹೊತ್ತಿನಲ್ಲಿ ದೇವಾಲಯದ ಬಾಗಿಲು ತೆರೆದಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಮ್ಮ ಹಾಡು ನಾಲ್ಕು ಸ್ವರದಲ್ಲಿ, ಆರ್ಗನ್ನಿನ ಜೊತೆ, ಪುಸ್ತಕ ನೋಡಿಕೊಂಡು ಹಾಡುವಂಥದ್ದು. ಅವರದು ಪುಸ್ತಕವಿಲ್ಲದ್ದು. ಮುದುಕ ಒಂದು ಸಾಲು ಹೇಳುತ್ತಿದ್ದ, ಉಳಿದವರು ಅದನ್ನೇ ಎತ್ತಿ ಹಾಡುತ್ತಿದ್ದರು, ಢೋಲಕಿಯ ಪೆಟ್ಟು ಬೀಳುತ್ತಿತ್ತು. ಕಾರ್ಯದರ್ಶಿ ನನ್ನ ಕಿವಿಯಲ್ಲಿ, "ಭಜನೆಯ ಹಾಗುಂಟಲ್ಲ," ಎಂದಳು. ಹಾಗೆಯೇ ಇತ್ತು. ಆದರೆ ಸಾಲು ಎರಡು ಸಲ ಬರುತ್ತಿದ್ದುದರಿಂದ, ಗೊತ್ತಿಲ್ಲದವರೂ ಎರಡನೆಯ ಸಲಕ್ಕೆ ಹಾಡಬಹುದಿತ್ತು. ಅಂಗಳದಲ್ಲಿ ಮೊಬೈಲು ಹಿಡಿದು ಕುಳಿತಿದ್ದ ನೀವಿಬ್ಬರೂ ಯಾವಾಗ ಒಳಗೆ ಬಂದಿರೋ ನನಗೆ ಗೊತ್ತಾಗಲಿಲ್ಲ. ತಿರುಗಿ ನೋಡಿದರೆ ಚಿಕ್ಕವನು ತುರ್ಭೆಯ ಹುಡುಗರ ಜೊತೆ ಚಪ್ಪಾಳೆ ತಟ್ಟುತ್ತಿದ್ದ. ಆ ಹುಡುಗರೂ ನಿಮ್ಮ ಹಾಗೆಯೇ. ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ.

ಸಭಾಪಾಲಕರು ಸತ್ಯವೇದದ ಒಂದು ಭಾಗ ಓದಿದರು. ಮಕ್ಕಳ ಮುಖ ನೋಡಿ ಅದನ್ನೇ ನಾಲ್ಕು ಮಾತಿನಲ್ಲಿ ಹಿಂದಿಯಲ್ಲಿಯೂ ಹೇಳಿದರು. ಆಮೇಲೆ ಯಾರು ಬೇಕಾದರೂ ಪ್ರಾರ್ಥನೆ ಮಾಡಬಹುದೆಂದರು. ತುರ್ಭೆಯ ಹೆಂಗಸರು ಒಬ್ಬರಾದ ಮೇಲೊಬ್ಬರು ಜೋರಾಗಿಯೇ ಪ್ರಾರ್ಥಿಸಿದರು, ಮಗಳ ಬಾಣಂತನಕ್ಕೆ, ಗಂಡನ ಬೆನ್ನುನೋವಿಗೆ, ಊರಲ್ಲಿರುವ ಅತ್ತೆಗೆ. ನಾನು ನನ್ನ ಜಾಗದಲ್ಲೇ ಕುಳಿತು ಮೆಲ್ಲಗೆ ಎರಡು ಮಾತು ಹೇಳಿದೆ. ಪಕ್ಕದವರಿಗೂ ಕೇಳಿಸಿರಲಿಕ್ಕಿಲ್ಲ. ಆದರೆ ಬಾಯಿಬಿಟ್ಟು ಹೇಳಿದೆ. ಸಭೆಯ ನಡುವೆ ನನ್ನದೇ ಮಾತಿನಲ್ಲಿ ಪ್ರಾರ್ಥಿಸಿದ್ದು ಅಷ್ಟು ವರ್ಷಗಳಲ್ಲಿ ಅದೇ ಮೊದಲು.

ಹೊರಗೆ ಬರುವಾಗ ಗಂಜಿ ಆಗಿತ್ತು. ಬಟ್ಟಲಿಗೆ ಹಾಕಿ ಕೊಟ್ಟರೆ ಬಿಳಿ ಪಟಕದ ಮುದುಕ ಅದರೊಳಗೆ ಇಣುಕಿ ನೋಡಿದ.

"ಯಕ್ಕಾ, ಇದು ಜ್ವರ ಬಂದವರಿಗೆ ಕೊಡೂದಲ್ಲೇನ್ರಿ?"

"ನಮ್ಮಲ್ಲಿ ಜ್ವರ ಇಲ್ಲದವರೂ ಕುಡಿಯುತ್ತಾರೆ," ಎಂದರು ದೊಡ್ಡಮ್ಮ.

"ಅದಕ್ಕ ನಿಮ್ಮ ಮಂದಿ ಇಷ್ಟು ಮೆತ್ತಗ ಮಾತಾಡ್ತೀರೇನು?"

ಮೊದಲು ನಕ್ಕವರು ಹಿರಿಯರೇ. ತುರ್ಭೆಯವರು ಬುತ್ತಿ ತಂದಿದ್ದರು. ಕರೆದವರು ಹೇಗೋ ಏನೋ ಎಂಬ ಅನುಮಾನಕ್ಕೆ ಎಂದು ಆಮೇಲೆ ಸ್ಟೇಷನ್ನಿನಲ್ಲಿ ಸಿಕ್ಕಿದವಳೇ ಹೇಳಿದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಯಾರೋ ರೊಟ್ಟಿ ಮುರಿದು ಗಂಜಿಗೆ ಅದ್ದಿದರು. ಆಮೇಲೆ ಎಲ್ಲರೂ ಹಾಗೆಯೇ ತಿಂದರು. ಸಂಜೆ ಪಾತ್ರೆ ಒಯ್ಯಲು ಬಂದ ಹೋಟೆಲಿನ ಯಜಮಾನರೂ ಒಂದು ಬಟ್ಟಲು ಕುಡಿದು, "ಊರು ಬಿಟ್ಟ ಮೇಲೆ ಇಂಥದ್ದು ಕುಡಿದಿರಲಿಲ್ಲ," ಎಂದರು. ಹಂಡೆಯ ತಳ ಹತ್ತಿದ್ದನ್ನು ನೋಡಿ ಮಾತ್ರ ಮುಖ ಸಿಂಡರಿಸಿದರು.

ಕ್ರಿಸ್ಮಸ್ಸಿಗೆ ಮೊದಲು ಸಭೆಯ ಹಿರಿಯರೆಲ್ಲ ಮತ್ತೆ ಸೇರಿದರು. ಒಳಗೆ ಏನೇನು ಮಾತಾಯಿತೋ ನನಗೆ ತಿಳಿಯದು. ಹನ್ನೊಂದರ ಗಂಟೆ ಇಂಗ್ಲಿಷಿನವರಿಗೆ ಹೋಯಿತು. ಆದಿತ್ಯವಾರ ಸಂಜೆ ನಾಲ್ಕಕ್ಕೆ ಆ ದೇವಾಲಯ ಖಾಲಿಯೇ ಇರುತ್ತಿತ್ತು, ಯಾರಿಗೂ ಬೇಡದ ಹೊತ್ತು. ಕನ್ನಡ ಆರಾಧನೆಯನ್ನು ಅಲ್ಲಿಗೆ ಸರಿಸಿದರು. ಅಷ್ಟು ಹೊತ್ತಿಗೆ ಮೆಗಾ ಬ್ಲಾಕೂ ಮುಗಿಯುತ್ತದೆ, ಗೋದಾಮಿನ ಕೆಲಸವೂ. ಇನ್ನೊಂದು ಬೀಗದ ಕೈ ಮಾಡಿಸಿ ತುರ್ಭೆಯ ಒಬ್ಬರ ಹತ್ತಿರವೂ ಕೊಡಬೇಕೆಂದು ಸೂಚಿಸಿದವರು, ಮೊದಲು ಗಂಟೆ ಬಿಟ್ಟುಕೊಡುವ ಎಂದಿದ್ದ ಅದೇ ಹಿರಿಯರಂತೆ.

ಎಲ್ಲವೂ ಸುಸೂತ್ರವಾಯಿತೆಂದು ನಿಮಗೆ ಸುಳ್ಳು ಹೇಳುವುದಿಲ್ಲ. ನಮ್ಮಲ್ಲಿ ಎರಡು ಮನೆಯವರು ಬರುವುದನ್ನೇ ನಿಲ್ಲಿಸಿದರು. ಢೋಲಕಿಯಿಂದ ತಲೆನೋವು ಎಂದರು. ಕಾರಣ ಢೋಲಕಿ ಒಂದೇ ಅಲ್ಲವೆಂದು ನನಗೆ ಅನಿಸಿತು. ಕೆಲವರು ಬಹಳ ದಿನ ತಮ್ಮ ತಮ್ಮ ಹಳೆಯ ಬೆಂಚುಗಳನ್ನು ಬಿಟ್ಟುಕೊಡಲಿಲ್ಲ, ತುರ್ಭೆಯವರು ಹಿಂದೆಯೇ ಕುಳಿತರು. ಒಂದು ದಿನ ದೊಡ್ಡಮ್ಮ ಎದ್ದು ಹೋಗಿ ಅವರ ನಡುವೆ ಕುಳಿತುಬಿಟ್ಟರು. ಕೇಳಿದ್ದಕ್ಕೆ, "ಅಲ್ಲಿ ಫ್ಯಾನ್ ಚೆನ್ನಾಗಿ ತಿರುಗ್ತದೆ," ಎಂದರು. ಮುಂದಿನ ವಾರ ಇನ್ನೂ ಕೆಲವರಿಗೆ ಫ್ಯಾನ್ ಬೇಕಾಯಿತು.

ಆರಾಧನೆಗೆ ಮೊದಲು ಮಕ್ಕಳಿಗೆ ಅಕ್ಷರ ಕಲಿಸುವ ತರಗತಿ ಶುರುವಾದದ್ದು ಆಮೇಲೆ. ತುರ್ಭೆಯ ಮಕ್ಕಳಿಗೆಂದು ಆರಂಭಿಸಿದರೆ ನಮ್ಮ ದೊಡ್ಡವಳೂ ಹೋಗಿ ಕುಳಿತಳು. ಕಲಿಸುವವಳು ಕಾರ್ಯದರ್ಶಿ. ನಾನು ಬಳಪ ಹಂಚುತ್ತೇನೆ. ಈಗ ಹಾಡಿನಲ್ಲಿ ಒಂದು ನಮ್ಮ ಪುಸ್ತಕದ್ದು, ಒಂದು ಅವರದು. ದೊಡ್ಡವಳು ಕೀಬೋರ್ಡ್ ನುಡಿಸಿದರೆ ತುರ್ಭೆಯ ಹುಡುಗ ಢೋಲಕಿ ಬಾರಿಸುತ್ತಾನೆ. ಒಬ್ಬರಿಗಿಂತ ಒಬ್ಬರು ಮುಂದೆ ಓಡುತ್ತಾರೆ. ನಿಮ್ಮ ಅಮ್ಮ ಹಿಂದೆ ಕುಳಿತು ಮರಾಠಿಯಲ್ಲಿ ನಗುತ್ತಾಳೆ.

ಹಿಡಿ ಅಕ್ಕಿ ನಿಲ್ಲಲಿಲ್ಲ. ಬೇರೆ ಬೇರೆ ಅಕ್ಕಿಗೆ ಬೇರೆ ಬೇರೆ ಡಬ್ಬಿ ಇಡುವ ಎಂದು ಕಾರ್ಯದರ್ಶಿ ಹೇಳಿದಳು. ಯಾರೂ ಒಪ್ಪಲಿಲ್ಲ. ತಿಂಗಳ ಕೊನೆಯ ಆದಿತ್ಯವಾರ ಎಲ್ಲವನ್ನೂ ಒಂದೇ ಹಂಡೆಗೆ ಹಾಕಿ, ಆರಾಧನೆಗೆ ಬಹಳ ಮೊದಲೇ ಒಲೆಗಿಡುತ್ತೇವೆ. ತುರ್ಭೆಯ ಹೆಂಗಸರು ಜೋಳದ ನುಚ್ಚು ತಂದು ಸುರಿಯುತ್ತಾರೆ. ಈಗ ಅದು ಯಾರ ಊರಿನ ಗಂಜಿಯೂ ಅಲ್ಲ.

ಕಳೆದ ತಿಂಗಳು ನನಗೆ ಮಂಡಿನೋವು. ಬಡಿಸಲು ನಿಲ್ಲಲಾಗಲಿಲ್ಲ. ಸೌಟನ್ನು ದೊಡ್ಡವಳ ಕೈಗೆ ಕೊಟ್ಟು ಬೆಂಚಿನ ಮೇಲೆ ಕುಳಿತೆ. ಬಿಳಿ ಪಟಕದ ಮುದುಕ ಬಟ್ಟಲು ಹಿಡಿದು ಬಂದು ನಿಂತ.

"ಮುತ್ಯಾ, ಎಷ್ಟು ಹಾಕ್ಲಿ?" ಎಂದು ಅವಳು ಕನ್ನಡದಲ್ಲಿ ಕೇಳಿದಳು. ಅಜ್ಜನನ್ನು ಮುತ್ಯಾ ಎನ್ನಲು ಅವಳಿಗೆ ನಾನು ಕಲಿಸಿದ್ದಲ್ಲ, ತುರ್ಭೆಯ ಮಕ್ಕಳು.

"ತುಂಬ ಹಾಕವ್ವಾ," ಎಂದ ಅವನು. "ಇವತ್ತೂ ಜ್ವರ ಬಂದಿಲ್ಲ."